ನಮ್ಮ ರಸ್ತೆಯ ಇಟಾಲಿಯನ್ ಹೋಟೆಲಿನ ವೈನ್ ಪಟ್ಟಿ: ಯಾವ ಅಳತೆಗೋಲಿನಿಂದ ಅಳೆಯಲಿ? (ಒಂದು ಆನ್‌ಲೈನ್ ಹರಟೆಕಟ್ಟೆಯಿಂದ; ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು)

ಸಂಜೆ ಏಳೂವರೆ

ಬೆಂಗಳೂರು ದಕ್ಷಿಣದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಒಂದು ಪುಟ್ಟ ಇಟಾಲಿಯನ್ ಹೋಟೆಲಿದೆ. ಮೊದಲು ಅಲ್ಲಿ ಪಾತ್ರೆ ಅಂಗಡಿ ಇತ್ತು. ಹನ್ನೆರಡು ಮೇಜು, ಬಾಗಿಲ ಪಕ್ಕದಲ್ಲೇ ಸೌದೆ ಒಲೆ. ಮಾಲೀಕರು ಕುಂದಾಪುರದ ಕಡೆಯವರು, ಪ್ರವಾಸಿ ಹಡಗಿನಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿದವರು. ಊಟದ ಬಗ್ಗೆ ನನಗೆ ತಕರಾರಿಲ್ಲ. ಹೆಸರು ಹೇಳುವುದಿಲ್ಲ, ಕೇಳಬೇಡಿ.

ಕಳೆದ ಶನಿವಾರ ಅವರು ಬಂದು ನನ್ನ ಮುಂದೆ ಪಟ್ಟಿಯ ಒಂದು ಜೆರಾಕ್ಸ್ ಪ್ರತಿ ಇಟ್ಟರು. "ನೀವು ವೈನ್ ಬಗ್ಗೆ ಓದಿಕೊಂಡವರು. ಪಟ್ಟಿ ಹೇಗಿದೆ, ಮುಲಾಜಿಲ್ಲದೆ ಹೇಳಿ" ಎಂದರು. ನಾನು ಓದಿಕೊಂಡಿರುವುದು ಎರಡು ಪುಸ್ತಕ, ಅದರಲ್ಲೂ ಒಂದು ಅರ್ಧ. ಆದರೂ ಮರ್ಯಾದೆಗೆ ತಲೆಯಾಡಿಸಿ ಮನೆಗೆ ತಂದಿದ್ದೇನೆ.

ಪಟ್ಟಿಯಲ್ಲಿ 42 ವೈನ್‌ಗಳಿವೆ. ಇಟಲಿಯವು 9. ಉಳಿದದ್ದು ಚಿಲಿಯ ಮೆರ್ಲೋ, ಆಸ್ಟ್ರೇಲಿಯಾದ ಶಿರಾಜ್, ಅರ್ಜೆಂಟೀನಾದ ಮಾಲ್ಬೆಕ್, ನ್ಯೂಜಿಲೆಂಡಿನ ಸೋವಿನ್ಯೋನ್ ಬ್ಲಾಂ, ಹೀಗೆ. ಭಾರತದ್ದು 6. ಗ್ಲಾಸಿನ ಲೆಕ್ಕದಲ್ಲಿ ಸಿಗುವುದು ಮೂರೇ, ಮೂರೂ ಭಾರತದವು, 550 ರೂಪಾಯಿ. ಇಟಲಿಯ ಸಾಲುಗಳನ್ನು ಪಟ್ಟಿಯಲ್ಲಿ ಇದ್ದ ಹಾಗೆಯೇ ಬರೆಯುತ್ತೇನೆ: ಪ್ರೊಸೆಕ್ಕೊ 4,400. ಪಿನೋ ಗ್ರಿಜೋ 3,900. ಕಿಯಾಂಟಿ 4,200. ಕಿಯಾಂಟಿ ಕ್ಲಾಸಿಕೊ 5,800. ಮೊಂಟೆಪುಲ್ಚಾನೊ 4,300. ಬರೊಲೊ 14,500. ಇನ್ನು ಮೂರು ಹೀಗೆಯೇ. ತಯಾರಕರ ಹೆಸರಿಲ್ಲ, ದ್ರಾಕ್ಷಿ ಕೊಯ್ದ ಇಸವಿ ಇಲ್ಲ.

ಇದು ಒಳ್ಳೆಯ ಪಟ್ಟಿಯೇ, ಕೆಟ್ಟ ಪಟ್ಟಿಯೇ? ಏನು ನೋಡಿ ತೀರ್ಮಾನಿಸಬೇಕು?

ಗೊಡ್ಡುಸಾರು

42 ವೈನ್, 12 ಮೇಜು. ಮೇಜಿಗೆ ಮೂರೂವರೆ ಬಾಟಲಿ. ನನ್ನ ತೀರ್ಪು ಮುಗಿಯಿತು.

ಕಾರ್ಕ್ ಕಿತ್ತವ

ಬೆಲೆ ನೋಡುವ ಮೊದಲು ತಯಾರಕರ ಹೆಸರು ನೋಡಬೇಕು. ಅದೇ ಇಲ್ಲ ಎಂದ ಮೇಲೆ ನೋಡುವುದೇನು? "ಕಿಯಾಂಟಿ 4,200" ಎಂದು ಬರೆಯುವುದೂ "ಸೀರೆ 4,200" ಎಂದು ಬರೆಯುವುದೂ ಒಂದೇ. ಯಾವ ಮಗ್ಗದ್ದು, ಜರಿ ಅಸಲಿಯೋ ನಕಲಿಯೋ ಕೇಳದೆ ಯಾರಾದರೂ ಕೊಳ್ಳುತ್ತಾರೆಯೇ?

ಕಿಯಾಂಟಿ ಎನ್ನುವುದು ಇಟಲಿಯ ಟಸ್ಕನಿ ಪ್ರಾಂತ್ಯದ ಒಂದು ದೊಡ್ಡ ಪ್ರದೇಶದ ಹೆಸರು. ಅಲ್ಲಿ ಸಾಂಜೊವೇಸೆ ದ್ರಾಕ್ಷಿ ಕನಿಷ್ಠ ಶೇಕಡ 70 ಇರಬೇಕು. ಕಿಯಾಂಟಿ ಕ್ಲಾಸಿಕೊ ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಹಳೆಯ ಗುಡ್ಡಗಳದ್ದು, ಅಲ್ಲಿ ಕನಿಷ್ಠ ಶೇಕಡ 80, ಬಾಟಲಿಯ ಮೇಲೆ ಕಪ್ಪು ಹುಂಜದ ಮುದ್ರೆ. ಇವೆರಡರೊಳಗೂ ನೀರಿನಂಥದ್ದು ಇದೆ, ನೆನಪಿನಲ್ಲಿ ಉಳಿಯುವಂಥದ್ದೂ ಇದೆ. ವ್ಯತ್ಯಾಸ ಹೇಳುವುದು ತಯಾರಕರ ಹೆಸರೊಂದೇ.

ಮಾಣಿಯಾಗಿದ್ದವನು

ಐದು ತಾರೆ ಹೋಟೆಲಿನಲ್ಲಿ ಒಂಬತ್ತು ವರ್ಷ ವೈನ್ ಬಡಿಸಿದ್ದೇನೆ, ಈಗ ಬೇರೆ ಕೆಲಸ. ಮಾಲೀಕರ ಪರವಾಗಿ ಎರಡು ಮಾತು.

ಇಟಲಿಯ ವೈನ್ ಇಲ್ಲಿಗೆ ಬರುವ ದಾರಿ ನೋಡಿ. ಹಡಗಿನಿಂದ ಇಳಿಯುವಾಗ ಬಾಟಲಿಯ ಮೌಲ್ಯ 500 ರೂಪಾಯಿ ಎಂದುಕೊಳ್ಳೋಣ. ಬಹಳ ವರ್ಷ ನಾವು ಕಂಡ ಕಸ್ಟಮ್ಸ್ ಸುಂಕವೇ ಶೇಕಡ 150. ಅಲ್ಲಿಗೇ 1,250. ಮೇಲೆ ರಾಜ್ಯದ ಅಬಕಾರಿ, ಆಮದುದಾರನ ಲಾಭ, ಸಾಗಣೆ. ಹೋಟೆಲಿನ ಬಾಗಿಲಿಗೆ ಬರುವಾಗ ಎರಡು ಸಾವಿರದ ಹತ್ತಿರ. ಅದಕ್ಕೆ ಎರಡು ಪಟ್ಟು ಇಟ್ಟರೆ 4,000. ಅಂದರೆ ನೀವು ಕುಡಿಯುತ್ತಿರುವುದು 500 ರೂಪಾಯಿಯ ವೈನು, ಮಿಕ್ಕಿದ್ದು ಕಾಗದಪತ್ರ.

ಇನ್ನೊಂದು ವಿಷಯ ಹೊರಗಿನವರಿಗೆ ತಿಳಿಯುವುದಿಲ್ಲ. ಪ್ರತಿ ಲೇಬಲ್ಲನ್ನೂ ಆಯಾ ರಾಜ್ಯದ ಅಬಕಾರಿ ಇಲಾಖೆಯಲ್ಲಿ ಶುಲ್ಕ ಕಟ್ಟಿ ನೋಂದಾಯಿಸಬೇಕು. ಮುಂಬೈಯಲ್ಲಿ ಸಿಗುವ ವೈನು ಬೆಂಗಳೂರಿನಲ್ಲಿ ಸಿಗದಿರುವುದು ಇದಕ್ಕೇ. ಸಣ್ಣ ಹೋಟೆಲಿನವರು ಒಬ್ಬ ಆಮದುದಾರನನ್ನು ಹಿಡಿಯುತ್ತಾರೆ. ಅವನು ಪಟ್ಟಿಯನ್ನೂ ತಾನೇ ಅಚ್ಚು ಹಾಕಿಸಿ ಕೊಡುತ್ತಾನೆ, ಗ್ಲಾಸುಗಳನ್ನೂ ಪುಕ್ಕಟೆ ಕೊಡುತ್ತಾನೆ. ಬಯಸಿದ್ದೆಲ್ಲ ತರಿಸಲು ಇದು ಮಿಲಾನ್ ಅಲ್ಲ.

ಸಂಜೆ ಏಳೂವರೆ

ಮಾಣಿಯಾಗಿದ್ದವರೇ, ಈಗ ಪಟ್ಟಿಯ ಕೆಳಗೆ ನೋಡಿದೆ. ಸಣ್ಣ ಅಕ್ಷರದಲ್ಲಿ ಒಂದು ಆಮದು ಕಂಪನಿಯ ಗುರುತು ಇದೆ! ನೀವು ಹೇಳುವವರೆಗೆ ಅದು ಅಲಂಕಾರವೆಂದೇ ತಿಳಿದಿದ್ದೆ.

ಮಾಣಿಯಾಗಿದ್ದವನು

ಹಾಗಾದರೆ ಅದು ಹೋಟೆಲಿನ ಪಟ್ಟಿಯಲ್ಲ, ಕಂಪನಿಯ ಗೋದಾಮಿನ ಪಟ್ಟಿ.

ಟುರಿನ್ ತಂಗಾಳಿ

ಟುರಿನ್‌ನಿಂದ ಬರೆಯುತ್ತಿದ್ದೇನೆ, ಓದಲು ಬಂದು ಇಲ್ಲೇ ಉಳಿದವಳು, ಊರು ಸಾಗರ. 42 ವೈನ್ ಎಂದು ಓದಿ ನಗು ಬಂತು. ನಮ್ಮ ಮನೆಯ ಕೆಳಗೆ ಒಂದು "ಪಿಯೋಲಾ" ಇದೆ. ಈ ಕಡೆ ಹಳೆಯ ಕಾಲದ ಊಟದ ಮನೆಗೆ ಹಾಗೆನ್ನುತ್ತಾರೆ. ಅಲ್ಲಿ ಪಟ್ಟಿ ಎಂದರೆ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಏಳು ಸಾಲು. ಬಾರ್ಬೆರಾ, ದೊಲ್ಚೆಟ್ಟೊ, ಒಂದು ನೆಬ್ಬಿಯೊಲೊ, ಬಿಳಿಯದಕ್ಕೆ ಆರ್ನೇಯಿಸ್, ಗಾವಿ. ಎಲ್ಲವೂ ನಮ್ಮ ಈ ಪಿಯೆಮೊಂಟೆ ಪ್ರಾಂತ್ಯದವೇ, ಹೆಚ್ಚೆಂದರೆ ಒಂದು ಒಂದೂವರೆ ಗಂಟೆ ದಾರಿಯ ಊರುಗಳದ್ದು. ಕಿಯಾಂಟಿ ಕೇಳಿದರೆ ಅಜ್ಜ ನನ್ನನ್ನು ಪ್ರವಾಸಿಯನ್ನು ನೋಡುವಂತೆ ನೋಡುತ್ತಾರೆ.

ಮನೆಯ ವೈನು ಮಣ್ಣಿನ ಹೂಜಿಯಲ್ಲಿ ಬರುತ್ತದೆ, ಕಾಲು ಲೀಟರು, ಅರ್ಧ ಲೀಟರು. ಅದಕ್ಕೆ ಲೇಬಲ್ಲೂ ಇಲ್ಲ, ಇಸವಿಯೂ ಇಲ್ಲ. ಆದರೆ ಕೇಳಿದರೆ ಯಾರ ತೋಟದ್ದು ಎಂದು ಹೇಳುತ್ತಾರೆ. ಒಮ್ಮೆ ಆ ತೋಟದವನೇ ಪಕ್ಕದ ಮೇಜಿನಲ್ಲಿ ಕುಳಿತು ಆಂಚೊವಿ ಮೀನು ಬೆಳ್ಳುಳ್ಳಿಯ ಬಿಸಿ ಗೊಜ್ಜಿನಲ್ಲಿ ಹಸಿ ತರಕಾರಿ ಅದ್ದಿ ತಿನ್ನುತ್ತಿದ್ದ.

ಆದ್ದರಿಂದ ಏಳೂವರೆ ಅವರೇ, ನಾನು ಪಟ್ಟಿಗೆ ಕೇಳುವುದು ಒಂದೇ ಪ್ರಶ್ನೆ: ಇದನ್ನು ಯಾರು ಆರಿಸಿದರು? ಮಾಲೀಕರು ರುಚಿ ನೋಡಿ ಆರಿಸಿದ್ದರೆ ಏಳು ಸಾಕು. ಯಾರೂ ಆರಿಸದಿದ್ದರೆ ಎಪ್ಪತ್ತಿದ್ದರೂ ಅಷ್ಟೆ.

ಕಾರ್ಕ್ ಕಿತ್ತವ

ತಂಗಾಳಿ ಮೇಡಂ, ಹೂಜಿಯ ವೈನಿಗೆ ಇಸವಿ ಬೇಡ, ಬಾಟಲಿಗೆ ಬೇಕೇ ಬೇಕು. 14,500ರ ಬರೊಲೊಗೆ ಇಸವಿ ಬರೆಯದಿರುವುದು ಅಕ್ಷಮ್ಯ. ಬರೊಲೊ ಎಂಬ ಈ ಪಿಯೆಮೊಂಟೆಯ ಕೆಂಪು ವೈನು ಕನಿಷ್ಠ 38 ತಿಂಗಳು ಮಾಗಿದ ಮೇಲೆಯೇ ಮಾರಾಟಕ್ಕೆ ಬರಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಹಾಗೆ ಬಂದ ಮೇಲೂ ಮೊದಲ ವರ್ಷಗಳಲ್ಲಿ ಬಲಿಯದ ಸೀಬೆಕಾಯಿಯ ಹಾಗೆ ಒಗರು. ಎಳೆಯದೋ ಹಳೆಯದೋ ತಿಳಿಯದೆ ಅಷ್ಟು ದುಡ್ಡು ಯಾರು ಹಾಕುತ್ತಾರೆ?

ಹೊಸಬ_88

ಒಗರು ಎಂದರೆ ಪುಸ್ತಕದಲ್ಲಿ ಬರುವ ಟ್ಯಾನಿನ್ನೇ?

ಕಾರ್ಕ್ ಕಿತ್ತವ

ಅದೇ. ನಾಲಿಗೆ ಒರಟಾಗಿ ಕೆನ್ನೆಯ ಒಳಭಾಗ ಎಳೆದ ಹಾಗಾಗುತ್ತದಲ್ಲ, ಅಡಿಕೆ ಅಗಿದಾಗ ಆಗುವಂತೆ. ಇಂಗ್ಲಿಷಿನಲ್ಲಿ ಅದನ್ನು ವಿವರಿಸಲು ಅರ್ಧ ಪುಟ ಬೇಕು, ನಮಗೆ ಮೂರಕ್ಷರ ಸಾಕು.

ದ್ರಾಕ್ಷಿತೋಟ

ದೊಡ್ಡಬಳ್ಳಾಪುರದ ಹತ್ತಿರ ನಮ್ಮದು ನಾಲ್ಕು ಎಕರೆ. ಭಾರತದ 6 ವೈನ್ ಯಾವುವು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಕಿಯಾಂಟಿಗೆ ಜೋತುಬಿದ್ದಿದ್ದೀರಿ.

ತಂಗಾಳಿಯವರು ಹೇಳಿದ ಮಾತನ್ನೇ ತಿರುಗಿಸಿ ನೋಡಿ. ಇಟಲಿಯ ಬೀದಿ ಹೋಟೆಲಿನಲ್ಲಿ ಹತ್ತಿರದ ತೋಟದ ವೈನು ಸಿಗುತ್ತದೆ. ಹಾಗಾದರೆ ಬೆಂಗಳೂರಿನ ಬೀದಿ ಹೋಟೆಲಿನಲ್ಲಿ ಸಿಗಬೇಕಾದದ್ದು ಯಾವುದು? ಚಿಲಿಯ ಮೆರ್ಲೋವೇ? ನಂದಿಬೆಟ್ಟದ ಬುಡದಲ್ಲಿ ಗ್ರೋವರ್ ಕುಟುಂಬ 1980ರ ದಶಕದ ಕೊನೆಯಲ್ಲೇ ಫ್ರಾನ್ಸಿನ ತಳಿಗಳನ್ನು ನೆಟ್ಟಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ಆಮೇಲೆ ವೈನ್ ಮಂಡಳಿ ಬಂತು. ಇಷ್ಟಾಗಿ ಬೆಂಗಳೂರಿನಲ್ಲೇ ಕುಳಿತವರಿಗೆ ಚಿಲಿಯ ಸ್ಯಾಂಟಿಯಾಗೊದ ದಾರಿ ಗೊತ್ತು, ದೇವನಹಳ್ಳಿಯ ದಾರಿ ಗೊತ್ತಿಲ್ಲ.

ಗೊಡ್ಡುಸಾರು

ದೇವನಹಳ್ಳಿ ದಾರಿ ಗೊತ್ತು ಸ್ವಾಮಿ, ವಿಮಾನ ಹಿಡಿಯಲು ಹೋಗುತ್ತೇವೆ.

ಕಾರ್ಕ್ ಕಿತ್ತವ

ದ್ರಾಕ್ಷಿತೋಟ ಅವರೇ, ಅಭಿಮಾನ ಒಪ್ಪಿದೆ. ಆದರೆ ಇಟಾಲಿಯನ್ ಹೋಟೆಲಿನಲ್ಲಿ ಇಟಲಿಯ ವೈನ್ ಇಲ್ಲದಿರುವುದು ಬೇಳೆ ಇಲ್ಲದ ಹುಳಿಯಂತೆ. ಆ ಅಡುಗೆಯ ಜೊತೆ ಬೆಳೆದ ದ್ರಾಕ್ಷಿಗಳು ಅವು. ಟೊಮೆಟೊ ಗೊಜ್ಜಿಗೆ ಹುಳಿ ಇರುವ ವೈನೇ ಬೇಕು. ಬಾರ್ಬೆರಾ, ಸಾಂಜೊವೇಸೆಗಳಲ್ಲಿ ಆ ಹುಳಿ ಸಹಜವಾಗಿ ಇರುತ್ತದೆ. ಬಿಸಿ ನಾಡಿನ ದಪ್ಪ ಶಿರಾಜನ್ನು ಮಾರ್ಗೆರೀಟಾ ಪೀಟ್ಸಾದ ಜೊತೆ ಕುಡಿದು ನೋಡಿ, ಟೊಮೆಟೊ ಒಂದು ಕಡೆ, ವೈನು ಒಂದು ಕಡೆ, ನಡುವೆ ನೀವು.

ದ್ರಾಕ್ಷಿತೋಟ

ಸಾಂಜೊವೇಸೆ ಇಲ್ಲೇ ಬೆಳೆಯುತ್ತದಲ್ಲ! ಕೊಪ್ಪಳ ಜಿಲ್ಲೆಯ ಹಂಪಿ ಬೆಟ್ಟಗಳ ಕಡೆ ಕೃಷ್ಮಾ ಎಸ್ಟೇಟಿನವರು ಸಾಂಜೊವೇಸೆ ವೈನನ್ನೇ ಮಾಡುತ್ತಾರೆ. ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ ಫ್ರಟೆಲ್ಲಿಯವರು ಮಾಡುತ್ತಾರೆ. ಫ್ರಟೆಲ್ಲಿ ಎಂದರೆ ಇಟಾಲಿಯನ್ ಭಾಷೆಯಲ್ಲಿ ಸಹೋದರರು, ಆ ಕಂಪನಿ ಕಟ್ಟಿದ ಮೂರು ಜೋಡಿ ಅಣ್ಣತಮ್ಮಂದಿರಲ್ಲಿ ಒಂದು ಜೋಡಿ ಇಟಲಿಯವರದೇ. ಅವರ ಸೆಟ್ಟೆ ಎಂಬ ವೈನು ಸಾಂಜೊವೇಸೆ ಮತ್ತು ಕಾಬರ್ನೆ ಸೋವಿನ್ಯೋನ್ ಬೆರಕೆ. ಬೇಳೆಯೂ ಇದೆ, ಹುಳಿಯೂ ಇದೆ. ಇನ್ನೇನು ಬೇಕು?

ಸಂಜೆ ಏಳೂವರೆ

ಪಟ್ಟಿಯಲ್ಲಿರುವ 6ರಲ್ಲಿ ಸಾಂಜೊವೇಸೆ ಒಂದೂ ಇಲ್ಲ. ಎರಡು ಶಿರಾಜ್, ಒಂದು ಕಾಬರ್ನೆ, ಎರಡು ಶೆನಾಂ ಬ್ಲಾಂ, ಒಂದು ನೊರೆವೈನು.

ದ್ರಾಕ್ಷಿತೋಟ

ಅಲ್ಲಿಗೆ ಆರಿಸಿದ್ದು ಯಾರು ಎಂಬ ತಂಗಾಳಿಯವರ ಪ್ರಶ್ನೆಗೆ ಉತ್ತರ ಸಿಕ್ಕಿತು.

ಎಡಿಸನ್ ವಾಸಿ

ನ್ಯೂಜೆರ್ಸಿಯಲ್ಲಿ ನಮಗೆ ಈ ತಾಪತ್ರಯವೇ ಇಲ್ಲ. ಇಲ್ಲಿ ಊರಿನ ಪ್ರತಿ 3,000 ಜನಸಂಖ್ಯೆಗೆ ಒಂದೇ ಮದ್ಯದ ಪರವಾನಗಿ ಎಂಬ ಲೆಕ್ಕವಿದೆ, ಅದರ ಬೆಲೆ ಆಕಾಶಕ್ಕೇರಿದೆ. ಸಣ್ಣ ಇಟಾಲಿಯನ್ ಹೋಟೆಲುಗಳಲ್ಲಿ ಬಹಳಷ್ಟಕ್ಕೆ ಪರವಾನಗಿಯೇ ಇಲ್ಲ, ನಾವೇ ಮನೆಯಿಂದ ಬಾಟಲಿ ಕೊಂಡೊಯ್ಯುತ್ತೇವೆ. ಮಾಲೀಕ ಗ್ಲಾಸು ಕೊಟ್ಟು ಬಿರಡೆ ತೆಗೆದು ಹೋಗುತ್ತಾನೆ. ಪಟ್ಟಿ ಇಲ್ಲ, ತೀರ್ಪೂ ಇಲ್ಲ.

ಹೊಸಬ_88

ಬೆಂಗಳೂರಿನಲ್ಲಿ ಹಾಗೆ ಬಾಟಲಿ ಒಯ್ಯಬಹುದೇ?

ಮಾಣಿಯಾಗಿದ್ದವನು

ಪರವಾನಗಿ ಇರುವ ಕೆಲವು ಕಡೆ ಬಿರಡೆ ಶುಲ್ಕ ತೆಗೆದುಕೊಂಡು ಬಿಡುತ್ತಾರೆ. ಮೊದಲೇ ಫೋನ್ ಮಾಡಿ ಕೇಳಿ. ಚೀಲದೊಳಗಿಂದ ತೆಗೆದು ಮೇಜಿನ ಮೇಲೆ ಇಟ್ಟ ಮೇಲೆ ಕೇಳಬೇಡಿ, ಅವರಿಗೂ ಮುಜುಗರ, ನಿಮಗೂ ಮುಜುಗರ.

ಪದ್ಮಾ ಚಿಕ್ಕಮ್ಮ

ಪ್ರಶ್ನೆ ತುಸು ಬೇರೆ, ಬೈಯಬೇಡಿ. ನಾವು ಮೊಟ್ಟೆಯನ್ನೂ ಮುಟ್ಟದವರು. ಮಗ ಸೊಸೆ ಇಂಥ ಹೋಟೆಲಿಗೆ ಕರೆದೊಯ್ದು ಅರ್ಧ ಗ್ಲಾಸು ಕುಡಿಸಿದರು, ಚೆನ್ನಾಗಿಯೇ ಇತ್ತು. ಈಗ ಯಾರೋ ವೈನಿಗೆ ಮೊಟ್ಟೆ ಹಾಕುತ್ತಾರೆ ಎನ್ನುತ್ತಿದ್ದಾರೆ. ನಿಜವೇ?

ಕಾರ್ಕ್ ಕಿತ್ತವ

ಕೆಲವರು ಹಾಕುತ್ತಾರೆ, ಚಿಕ್ಕಮ್ಮ. ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಮೀನಿನ ಗಾಳಿಚೀಲದ ಅಂಟು ಬಳಸುವ ಹಳೆಯ ಪದ್ಧತಿ ಇದೆ. ಅವು ಗಸಿಯ ಜೊತೆ ತಳಕ್ಕೆ ಕೂರುತ್ತವೆ, ಮೇಲಿನದನ್ನು ಬಸಿಯುತ್ತಾರೆ. ಬೆಂಟೊನೈಟ್ ಎಂಬ ಜೇಡಿಮಣ್ಣು ಬಳಸುವವರೂ ಇದ್ದಾರೆ, ಏನೂ ಬಳಸದವರೂ ಇದ್ದಾರೆ. ಬಾಟಲಿಯ ಮೇಲೆ ವೀಗನ್ ಗುರುತು, ಅಂದರೆ ಪ್ರಾಣಿಮೂಲದ್ದೇನೂ ಬಳಸಿಲ್ಲ ಎನ್ನುವ ಗುರುತು, ಇದೆಯೇ ನೋಡಿ.

ಪದ್ಮಾ ಚಿಕ್ಕಮ್ಮ

ಮಣ್ಣಾದರೆ ಪರವಾಗಿಲ್ಲ.

ಖಾರದಪುಡಿ

ನಾನು ಪಾಸ್ತಾ ತಿನ್ನುವುದೇ ಕೆಂಪು ಮೆಣಸಿನ ಚೂರು ಉದುರಿಸಿಕೊಂಡು. ವೈನು ಕುಡಿದರೆ ಬಾಯಿ ಇನ್ನಷ್ಟು ಉರಿಯುತ್ತದೆ. ಹೋಟೆಲಿನವರನ್ನು ಕೇಳಿದರೆ ಶಿರಾಜ್ ಖಾರಕ್ಕೆ ಹೊಂದುತ್ತದೆ ಎನ್ನುತ್ತಾರೆ.

ಮಾಣಿಯಾಗಿದ್ದವನು

ಹೊಂದುವುದಿಲ್ಲ. ಮದ್ಯಾಂಶ ಜಾಸ್ತಿ ಇದ್ದಷ್ಟೂ, ಒಗರು ಜಾಸ್ತಿ ಇದ್ದಷ್ಟೂ ಖಾರ ಏರುತ್ತದೆ. ಶಿರಾಜಿನಲ್ಲಿ ಕಾಳುಮೆಣಸಿನ ಘಮ ಇರುತ್ತದೆ ಎಂದು ಯಾರೋ ಹೇಳಿದ್ದನ್ನು ಇವರು ಖಾರಕ್ಕೆ ಒಳ್ಳೆಯದು ಎಂದು ತಿಳಿದಿದ್ದಾರೆ. ತುಸು ಸಿಹಿ ಇರುವ, ತಣ್ಣಗಿನ, ಹಗುರವಾದದ್ದನ್ನು ಕೇಳಿ. ಎಮಿಲಿಯಾ ಪ್ರಾಂತ್ಯದ ಲಾಂಬ್ರುಸ್ಕೊ ಸಿಕ್ಕರೆ ನಿಮ್ಮ ಪುಣ್ಯ, ಕೆಂಪು ಬಣ್ಣ, ಮೇಲೆ ನೊರೆ, ತಂಪಾಗಿ ಕುಡಿಯುವಂಥದ್ದು. ನನ್ನ ಕಣ್ಣಿನಲ್ಲಿ ಪೀಟ್ಸಾ ಹೋಟೆಲಿನ ಪಟ್ಟಿಯಲ್ಲಿ ಲಾಂಬ್ರುಸ್ಕೊ ಕಂಡರೆ ಮಾಲೀಕನಿಗೆ ತಲೆ ಇದೆ ಎಂದೇ ಅರ್ಥ.

ಟುರಿನ್ ತಂಗಾಳಿ

ಒಂದು ತಿದ್ದುಪಡಿ ಬಾಕಿ ಇದೆ. ಪಟ್ಟಿಯಲ್ಲಿ "ಮೊಂಟೆಪುಲ್ಚಾನೊ" ಎಂದಷ್ಟೇ ಬರೆದಿದ್ದಾರಲ್ಲ, ಅದು ಯಾವುದು? ಆ ಹೆಸರಿನ ದ್ರಾಕ್ಷಿ ತಳಿ ಇದೆ, ಅಬ್ರುಜ್ಜೊ ಪ್ರಾಂತ್ಯದಲ್ಲಿ ಅದರಿಂದ ಮಾಡಿದ್ದು ಮೊಂಟೆಪುಲ್ಚಾನೊ ದಬ್ರುಜ್ಜೊ. ಆ ಹೆಸರಿನ ಊರೂ ಇದೆ, ಟಸ್ಕನಿಯಲ್ಲಿ. ಆ ಊರಿನ ವೈನು ವೀನೊ ನೋಬಿಲೆ ದಿ ಮೊಂಟೆಪುಲ್ಚಾನೊ, ಅದನ್ನು ಮಾಡುವುದು ಮುಖ್ಯವಾಗಿ ಸಾಂಜೊವೇಸೆಯಿಂದ. ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲ, ಬೆಲೆಯೂ ಬೇರೆ.

ಸಂಜೆ ಏಳೂವರೆ

ಇದನ್ನು ಕೇಳಿ ಈಗಲೇ ಚಪ್ಪಲಿ ಮೆಟ್ಟಿ ಹೋಗಿ ನೋಡಿಕೊಂಡು ಬಂದೆ. ಅಬ್ರುಜ್ಜೊದ್ದು. ಬಡಿಸುವ ಹುಡುಗನಿಗೆ ಗೊತ್ತಿರಲಿಲ್ಲ, ಬಾಟಲಿ ತಿರುಗಿಸಿ ಇಬ್ಬರೂ ಓದಿದೆವು.

ಗೊಡ್ಡುಸಾರು

4,300 ಅಂದರೆ ಅಬ್ರುಜ್ಜೊದ ತಳಿಗೆ ಟಸ್ಕನಿಯ ಊರಿನ ಬೆಲೆ. ಹೆಸರಿನ ಬಲ.

ಮಾಣಿಯಾಗಿದ್ದವನು

ಅಲ್ಲ ಸಾರು ಅವರೇ, ನಾನು ಕೊಟ್ಟ ಲೆಕ್ಕ ಮತ್ತೆ ಓದಿ. ಸುಂಕ ಕಟ್ಟಿ ಬಂದ ಅಬ್ರುಜ್ಜೊಗೆ ಬೆಂಗಳೂರಿನಲ್ಲಿ ಅದೇ ಬೆಲೆ.

ರೇಖಾಚಿತ್ರ

ನನ್ನ ಅಳತೆಗೋಲು ಗ್ಲಾಸಿನ ವೈನು. ಇಬ್ಬರು ಹೋದಾಗ ಒಬ್ಬರಿಗೆ ಬಿಳಿ, ಒಬ್ಬರಿಗೆ ಕೆಂಪು ಬೇಕಾದರೆ ಬಾಟಲಿ ಕೊಳ್ಳಲು ಆಗುವುದಿಲ್ಲ. ಮೂರೇ ಗ್ಲಾಸು ಇಟ್ಟವನು ಬಾಟಲಿ ಮಾರಲು ಕುಳಿತವನು. 750 ಮಿಲಿಲೀಟರಿನ ಬಾಟಲಿಯಲ್ಲಿ 150ರ ಐದು ಗ್ಲಾಸು. 550ರಂತೆ 2,750. ಅದೇ ಬಾಟಲಿ ಪೂರ್ತಿ ಕೊಂಡರೆ ಎಷ್ಟು ಎಂದು ನೋಡಿ. ಎರಡರ ನಡುವೆ ಅಜಗಜಾಂತರ ಇದ್ದರೆ ಗ್ಲಾಸಿನವರ ತಲೆ ಬೋಳಿಸುತ್ತಿದ್ದಾರೆ.

ನಾನು ಹೋಗುತ್ತಿದ್ದ ಒಂದು ಕಡೆ ಗ್ಲಾಸು ಕೇಳಿದಾಗಲೆಲ್ಲ "ಈ ಬಾಟಲಿ ಯಾವಾಗ ತೆರೆದದ್ದು?" ಎಂದು ಕೇಳುತ್ತಿದ್ದೆ. ಮೊದಲ ಸಲ ಸರ್ವರ್ "ಈಗಷ್ಟೇ ಮೇಡಂ" ಎಂದ. ಕುಡಿದರೆ ಹಳಸಿದ ಸೇಬಿನ ರಸದ ಹಾಗಿತ್ತು. ಎರಡನೆಯ ಸಲ ಇನ್ನೊಬ್ಬ ಹುಡುಗ ಒಳಗೆ ಹೋಗಿ ಬಂದು "ಮಂಗಳವಾರ" ಎಂದ. ಅವತ್ತು ಭಾನುವಾರ. ಬೇಡ ಎಂದೆ, ಆದರೆ ಆ ಹುಡುಗನಿಗೆ ಐವತ್ತು ರೂಪಾಯಿ ಹೆಚ್ಚು ಟಿಪ್ಸ್ ಕೊಟ್ಟೆ.

ಸಂಜೆ ಏಳೂವರೆ

ನಮ್ಮ ರಸ್ತೆಯ ಹೋಟೆಲಿನಲ್ಲಿ ಆ ಬಾಟಲಿ 2,600. ಗ್ಲಾಸಿನವರಿಗೆ ಅನ್ಯಾಯವಿಲ್ಲ.

ಶಾಂತಿನಗರದ ಶಂಕೆ

ಎಲ್ಲ ಸರಿ, ವೈನು ಬಂದಾಗ ಮೊದಲು ಗುಟುಕು ಸುರಿದು ನಮ್ಮ ಮುಖ ನೋಡುತ್ತಾ ನಿಲ್ಲುತ್ತಾರಲ್ಲ, ಆಗ ಏನು ಮಾಡಬೇಕು? ನಾನು ಪ್ರತಿ ಸಲವೂ ಪರೀಕ್ಷೆಗೆ ಕುಳಿತವನಂತೆ ಬೆವರುತ್ತೇನೆ.

ಕಾರ್ಕ್ ಕಿತ್ತವ

ಮೂಸಿ, ಸಾಕು. ನಿಮಗೆ ಇಷ್ಟವಾಯಿತೇ ಎಂದು ಅವರು ಕೇಳುತ್ತಿಲ್ಲ, ಕೆಟ್ಟಿದೆಯೇ ಎಂದು ಕೇಳುತ್ತಿದ್ದಾರೆ. ಮಳೆಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ ಬಂದರೆ ಬಿರಡೆಯ ದೋಷ, ವಾಪಸು ಕಳಿಸಿ. ತಿರುಪು ಮುಚ್ಚಳದ ಬಾಟಲಿಯಲ್ಲಿ ಆ ಕಾಟ ತೀರ ಅಪರೂಪ. ಆದರೂ ಕೆಲವರು ಮುಚ್ಚಳವನ್ನೂ ಮೂಸುತ್ತಾರೆ, ನೋಡಿದ್ದೇನೆ.

ಎಡಿಸನ್ ವಾಸಿ

ಅಂಥವರಲ್ಲಿ ನಾನೂ ಒಬ್ಬ. ಯಾರೂ ಹೇಳಿರಲಿಲ್ಲ.

ದ್ರಾಕ್ಷಿತೋಟ

ವಿಷಯಾಂತರಕ್ಕೆ ಕ್ಷಮೆ ಇರಲಿ, ಇಟಲಿ ಎಂದಾಗಲೆಲ್ಲ ನೆನಪಾಗುವ ಸಂಗತಿ. ನಮ್ಮ ತೋಟದಲ್ಲಿರುವುದು ಬೆಂಗಳೂರು ನೀಲಿ ದ್ರಾಕ್ಷಿ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಇಸಬೆಲ್ಲಾ ಎಂಬ ಅಮೆರಿಕ ಮೂಲದ ತಳಿಯೇ ಇದು ಎನ್ನುತ್ತಾರೆ. ತಂಗಾಳಿಯವರ ಕಡೆ ಇದು ಸಿಗುತ್ತದೆಯೇ?

ಟುರಿನ್ ತಂಗಾಳಿ

ಸಿಗುತ್ತದೆ! ಇಲ್ಲಿ ಅದನ್ನು ಊವಾ ಫ್ರಾಗೊಲಾ ಎನ್ನುತ್ತಾರೆ, ಸ್ಟ್ರಾಬೆರಿ ದ್ರಾಕ್ಷಿ. ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬರುತ್ತದೆ. ಮೊದಲ ಸಲ ಬುಟ್ಟಿಯ ಮುಂದೆ ನಿಂತಾಗ ಕಣ್ಣು ಮುಚ್ಚಿದರೆ ಸಾಗರದ ಸಂತೆ. ತೊಗಟೆ ಬೇರೆ, ಒಳಗಿನ ಲೋಳೆ ಬೇರೆ, ಅದೇ ಘಮ. ತಮಾಷೆ ಏನು ಗೊತ್ತೇ, ತಿನ್ನಲು ಮಾರಬಹುದು, ಆದರೆ ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಇಸಬೆಲ್ಲಾದಿಂದ ಮಾರಾಟಕ್ಕೆ ವೈನು ಮಾಡುವಂತಿಲ್ಲ. ವೆನೆಟೊ ಕಡೆಯ ಹಳ್ಳಿಗಳಲ್ಲಿ ಮನೆಮಟ್ಟಿಗೆ ಮಾಡಿದ "ಫ್ರಾಗೊಲಿನೊ" ಸಿಕ್ಕರೆ ಗುಟ್ಟಾಗಿ ಒಂದು ಲೋಟ ಕೊಡುತ್ತಾರೆ.

ದ್ರಾಕ್ಷಿತೋಟ

ನಮ್ಮ ಹಣ್ಣಿನ ವೈನು ಅಲ್ಲಿ ಕಳ್ಳಬಟ್ಟಿ! ಅಪ್ಪನಿಗೆ ಈಗಲೇ ಹೇಳುತ್ತೇನೆ.

ಗೊಡ್ಡುಸಾರು

ಅಕ್ಕ, ಸಾಗರದಲ್ಲಿ ಯಾವ ಸಂತೆಯಲ್ಲಿ ಬೆಂಗಳೂರು ನೀಲಿ ಬರುತ್ತದೆ?

ಟುರಿನ್ ತಂಗಾಳಿ

ಬಸ್ ನಿಲ್ದಾಣದ ಹತ್ತಿರ ತಳ್ಳುಗಾಡಿಯಲ್ಲಿ ಬರುತ್ತಿತ್ತು, ಕಾಗದದ ಪೊಟ್ಟಣದಲ್ಲಿ ಕೊಡುತ್ತಿದ್ದರು. ಸಂತೆ ಎಂದದ್ದು ತಪ್ಪು, ಒಪ್ಪಿದೆ. ನೀವು ಬೇರೆ ಕೆಲಸ ನೋಡಿ.

ಮಾಣಿಯಾಗಿದ್ದವನು

ಮತ್ತೆ ಹೋಟೆಲಿಗೆ ಬರೋಣ. ಏಳೂವರೆ ಅವರೇ, ಪಟ್ಟಿ ಬದಿಗಿಟ್ಟು ಒಂದು ಕೆಲಸ ಮಾಡಿ: ಬಾಟಲಿಗಳನ್ನು ಎಲ್ಲಿ ಇಟ್ಟಿದ್ದಾರೆ ನೋಡಿ. ನೀವು ಬಾಗಿಲ ಪಕ್ಕದಲ್ಲೇ ಸೌದೆ ಒಲೆ ಎಂದು ಬರೆದಾಗಿನಿಂದ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿದೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಎನ್ನುವ ಮಾತು ಯುರೋಪಿನ ಹಳೆಯ ಕಲ್ಲುಮನೆಗಳದ್ದು, 16ರಿಂದ 18 ಡಿಗ್ರಿ. ಏಪ್ರಿಲಿನ ಬೆಂಗಳೂರು 34.

ಸಂಜೆ ಏಳೂವರೆ

ಅಯ್ಯೋ. ಒಲೆಯ ಮೇಲೆ ಮರದ ಹಲಗೆ ಹೊಡೆದು ಸಾಲಾಗಿ ನಿಲ್ಲಿಸಿದ್ದಾರೆ. ಗಿರಾಕಿಗಳು ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ.

ಮಾಣಿಯಾಗಿದ್ದವನು

ಬಿರಡೆಯ ತುದಿಯನ್ನು ಬೆರಳಿನಿಂದ ಸವರಿ ನೋಡಿ. ಬಾಟಲಿಯ ಬಾಯಿಗೆ ಸಮವಾಗಿರಬೇಕು. ಉಬ್ಬಿ ಮೇಲೆ ಬಂದಿದ್ದರೆ ಒಳಗಿನದು ಬಿಸಿಗೆ ಹಿಗ್ಗಿ ತಳ್ಳಿದೆ ಎಂದರ್ಥ.

ಕಾರ್ಕ್ ಕಿತ್ತವ

ನನ್ನ ಇಸವಿ ವಾದ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಒಲೆಯ ಮೇಲಿಟ್ಟ ಬಾಟಲಿಗೆ ಇಸವಿ ಯಾಕೆ, ಎಷ್ಟು ಸೀಟಿ ಕೂಗಿಸಿದರು ಎಂದು ಬರೆದರೆ ಸಾಕು.

ರೇಖಾಚಿತ್ರ

ಮಾಲೀಕರಿಗೆ ಹೇಗೆ ಹೇಳುತ್ತೀರಿ? ಪಾಪ, ಅವರೇ ಕರೆದು ಕೇಳಿದ್ದಾರೆ. ನೂರು ಜನ ಮಾಲೀಕರಲ್ಲಿ ಒಬ್ಬರು ಹಾಗೆ ಕೇಳುತ್ತಾರೆ. ಈ ಹರಟೆಯನ್ನು ಅಚ್ಚು ಹಾಕಿ ಕೊಡಬೇಡಿ.

ಪದ್ಮಾ ಚಿಕ್ಕಮ್ಮ

ಊಟ ಮುಗಿದು ಜನ ಕರಗಿದ ಮೇಲೆ ಹೇಳಿ. ಮೊದಲು ಅಡುಗೆ ಹೊಗಳಿ.

ಸಂಜೆ ಏಳೂವರೆ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕೇಳಿದವರೆಲ್ಲರಿಗೂ ಒಟ್ಟಿಗೆ ಉತ್ತರ.

ಚಿಕ್ಕಮ್ಮ ಹೇಳಿದಂತೆಯೇ ರಾತ್ರಿ ಹನ್ನೊಂದರ ಹೊತ್ತಿಗೆ ಹೋದೆ. ಅಡುಗೆ ಹೊಗಳಿದೆ. ಆಮೇಲೆ ಸ್ಟೂಲು ಹತ್ತಿ ಬರೊಲೊ ಇಳಿಸಿದೆವು. ಎರಡು ವರ್ಷದಿಂದ ಅದೇ ಜಾಗ, ಒಂದೇ ಬಾಟಲಿ, ಒಬ್ಬರೂ ಕೇಳಿರಲಿಲ್ಲ. ಬಾಟಲಿ ಕೈಗೆ ಬೆಚ್ಚಗಿತ್ತು, ಹಾಲು ಕಾಯಿಸಿ ಇಳಿಸಿ ಅರ್ಧ ಗಂಟೆಯಾದ ಪಾತ್ರೆಯಷ್ಟು. ಬೆರಳಿಟ್ಟೆ. ಬಿರಡೆ ತೊಗರಿಕಾಳಿನ ಎತ್ತರದಷ್ಟು ಉಬ್ಬಿತ್ತು, ಹೊದಿಕೆಯ ಒಳಗೆ ಒಣಗಿದ ಕಂದು ಅಂಟು. ಮಾಲೀಕರು ತಾವೂ ಸವರಿ ನೋಡಿದರು, ಏನೂ ಮಾತಾಡದೆ ಬಿರಡೆ ತೆಗೆದರು. ಬಣ್ಣ ಇಟ್ಟಿಗೆಪುಡಿ. ಬೆಲ್ಲದ ಪಾಕ ತಳ ಹಿಡಿದ ವಾಸನೆ. ಅವರು ಒಂದು ಗುಟುಕು ಕುಡಿದು "ಹಡಗಿನಲ್ಲಿ ಇದನ್ನು ತಣ್ಣನೆಯ ಕೋಣೆಯಲ್ಲಿ ಮಲಗಿಸಿ ಇಡುತ್ತಿದ್ದರು. ನೋಡಿದ್ದೆ. ಇಲ್ಲಿ ಮರೆತೆ" ಎಂದರು.

ಪಟ್ಟಿಯ ಸಂಗತಿ: ಕಂಪನಿಯ ಗುರುತಿನ ಕಾಗದ ಹೋಗಿದೆ. ಈಗ ಅವರದೇ ಕೈಬರಹ, 14 ವೈನು. ಇಟಲಿಯವು 8, ತಯಾರಕರ ಹೆಸರು ಇಸವಿ ಸಮೇತ. ಭಾರತದವು 5, ಅದರಲ್ಲಿ ಎರಡು ಸಾಂಜೊವೇಸೆ. ದ್ರಾಕ್ಷಿತೋಟ ಅವರೇ, ಖುಷಿಯೇ? ಚಿಲಿಯ ಮೆರ್ಲೋ ಮಾತ್ರ ಉಳಿದಿದೆ, ಒಬ್ಬ ಡಾಕ್ಟರು ಪ್ರತಿ ಗುರುವಾರ ಅದನ್ನೇ ಕೇಳುತ್ತಾರಂತೆ. ಗ್ಲಾಸಿನವು ಆರು. ಹಲಗೆಯ ಮೇಲೆ ಈಗ ಖಾಲಿ ಬಾಟಲಿಗಳು, ಫೋಟೊ ತೆಗೆಸಿಕೊಳ್ಳುವವರಿಗೆ ವ್ಯತ್ಯಾಸ ಗೊತ್ತಾಗಿಲ್ಲ. ತುಂಬಿದವು ಹಿಂದಿನ ಕೋಣೆಯ ಫ್ರಿಜ್ಜಿನಲ್ಲಿ. ಲಾಂಬ್ರುಸ್ಕೊ ಸಿಕ್ಕಿಲ್ಲ, ಹುಡುಕುತ್ತಿದ್ದಾರೆ.

ಮಾಣಿಯಾಗಿದ್ದವನು

ಸಿಗಲಿ. ಆ ಬರೊಲೊ ಏನಾಯಿತು? ಚೆಲ್ಲಿದರೇ?

ಸಂಜೆ ಏಳೂವರೆ

14,500ರ ಬಾಟಲಿಯನ್ನು ಕುಂದಾಪುರದವರು ಚೆಲ್ಲುತ್ತಾರೆಯೇ? ಮರುದಿನ ಮಧ್ಯಾಹ್ನ ಅದರಲ್ಲೇ ಅಕ್ಕಿ ಬೇಯಿಸಿ ರಿಸೊಟ್ಟೊ ಮಾಡಿದರು.

ಟುರಿನ್ ತಂಗಾಳಿ

ಅದು ನಮ್ಮ ಕಡೆಯ ಅಸಲಿ ಅಡುಗೆ! ರಿಸೊಟ್ಟೊ ಆಲ್ ಬರೊಲೊ. ಇಲ್ಲಿ ಹಬ್ಬಕ್ಕೆ ಮಾಡುತ್ತಾರೆ. ಅವರಿಗೆ ಗೊತ್ತಿದ್ದು ಮಾಡಿದರೋ, ಹೊಟ್ಟೆಯುರಿಗೆ ಮಾಡಿದರೋ?

ಸಂಜೆ ಏಳೂವರೆ

ಹೊಟ್ಟೆಯುರಿಗೆ. ತಟ್ಟೆಗೆ 640 ಇಟ್ಟರು. ಮೂರು ಗಂಟೆಯೊಳಗೆ ಖಾಲಿ.

ಗೊಡ್ಡುಸಾರು

ಎಷ್ಟು ತಟ್ಟೆ?

ಸಂಜೆ ಏಳೂವರೆ

ಒಂಬತ್ತು. ಒಂದನ್ನು ನಾನೇ ತಿಂದೆ, ದುಡ್ಡು ತೆಗೆದುಕೊಳ್ಳಲಿಲ್ಲ.